ಪಾರ್ವತಮ್ಮ ಒಂದು, ಎರಡು, ಮೂರು, ನಾಲ್ಕು

ಮೊನ್ನೆ ಬೆಳಿಗ್ಗೆ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಫೋನು ಟಿಣ್ ಅಂದಿತು. ಏನು ತುರ್ತೋ ಏನೋ ಎಂದು ಕೈ ಒರೆಸಿಕೊಂಡು, ಕನ್ನಡಕ ಹುಡುಕಿ ನೋಡಿದರೆ, ‘ಪ್ರಿಯ ಪಾರ್ವತಮ್ಮ ನಾಲ್ಕು ಅವರೇ, ಈ ವಾರ ನೀವು ಒಂದೂ ಹೊಸ ಪುಸ್ತಕ ಓದಿಲ್ಲ. ಓದು ಮುಂದುವರಿಸಿ’ ಎಂಬ ಸಂದೇಶ.

ನಾನು ಪಾರ್ವತಮ್ಮ ಅಲ್ಲ. ನಾಲ್ಕಂತೂ ಅಲ್ಲವೇ ಅಲ್ಲ. ನನ್ನ ಹೆಸರು ಗಿರಿಜಾ. ತುಮಕೂರಿನ ಶೆಟ್ಟಿಹಳ್ಳಿ ಕಡೆಯ ಒಂದು ಪುಟ್ಟ ಶಾಖಾ ಗ್ರಂಥಾಲಯದಲ್ಲಿ ಸಹಾಯಕಿ. ನಿವೃತ್ತಿಗೆ ಇನ್ನು ಎಂಟು ತಿಂಗಳಿದೆ, ನನ್ನ ಮಂಡಿಗೆ ಅಷ್ಟು ತಾಳ್ಮೆ ಇಲ್ಲ. ಅಸಲಿ ಪಾರ್ವತಮ್ಮ ಲೋಕದಲ್ಲಿ ಒಬ್ಬರೇ. ಉಳಿದ ಮೂವರನ್ನು ಹುಟ್ಟಿಸಿದವಳು ನಾನು. ಈ ವಯಸ್ಸಿನಲ್ಲಿ ಇಂಥ ಕೆಲಸ ಯಾಕೆ ಮಾಡಿದೆ ಅಂತ ಹೇಳಬೇಕಾದರೆ ಸ್ವಲ್ಪ ಸುತ್ತಿ ಬಳಸಿ ಬರಬೇಕಾಗುತ್ತದೆ. ನಿಮಗೆ ಬಸ್ಸಿಗೆ ಹೊತ್ತಾಗಿಲ್ಲ ತಾನೇ?

ನಮ್ಮ ಲೈಬ್ರರಿಗೆ ಎರಡು ಕೋಣೆ, ಒಂದು ಹೊಂಗೆ ಮರ. ಒಂದು ಕೋಣೆಯಲ್ಲಿ ಪೇಪರ್ ಓದುವವರು. ಇನ್ನೊಂದರಲ್ಲಿ ಮೊದಲು ಪುಸ್ತಕಗಳಿದ್ದವು. ಈಗ ಮೂರು ಕಂಪ್ಯೂಟರ್, ನಾಲ್ಕು ಟ್ಯಾಬು, ಮತ್ತು ಜಾಗ ಉಳಿದಷ್ಟಕ್ಕೆ ಪುಸ್ತಕ. ಇವೆಲ್ಲ ಬಂದಾಗ ನಮಗೆ ಎರಡು ದಿನ ತರಬೇತಿ ಕೊಟ್ಟರು. ಮೊದಲ ದಿನ ಕಲಿಸಿದ್ದು ಪಾಸ್‌ವರ್ಡ್ ಇಟ್ಟುಕೊಳ್ಳುವುದು. ಯಾರಿಗೂ ಗೊತ್ತಾಗಬಾರದು, ಊಹಿಸಲೂ ಆಗಬಾರದು ಎಂದು ತರಬೇತಿ ಕೊಡುವಾತ ನೂರು ಸಲ ಹೇಳಿದರು. ನಾವು ಹದಿನೆಂಟು ಜನವೂ ಕಣ್ಣು ಮುಚ್ಚಿ, ನಮ್ಮ ನಮ್ಮ ಮನೆದೇವರನ್ನು ನೆನೆದು, ಅವರ ಹೆಸರನ್ನೇ ಇಟ್ಟೆವು. ಆಮೇಲೆ ನೋಡಿದರೆ ಹದಿನೆಂಟರಲ್ಲಿ ಹನ್ನೊಂದು ಜನರದ್ದು ಒಂದೇ ದೇವರು. ಆತ ತಲೆ ಮೇಲೆ ಕೈ ಹೊತ್ತು ಕೂತರು. ನಮಗೆ ಮಾತ್ರ ಬಹಳ ಸಂತೋಷವಾಯಿತು, ನೀವೂ ನಮ್ಮ ಕಡೆಯವರೇನಾ ಎಂದು ಊಟದ ಹೊತ್ತಿನಲ್ಲಿ ಕುಲಗೋತ್ರವೆಲ್ಲಾ ವಿಚಾರಿಸಿಕೊಂಡೆವು.

ಅದಾದ ಮೇಲೆ ಸದಸ್ಯರನ್ನು ಮಾಡಿಸುವ ಅಭಿಯಾನ. ಲೈಬ್ರರಿಯ ಆ್ಯಪಿಗೆ ಇಷ್ಟು ಜನರನ್ನು ಸೇರಿಸಲೇಬೇಕು ಎಂದು ಗುರಿ ಕೊಟ್ಟು ನನ್ನನ್ನು ಗುಬ್ಬಿ ತಾಲ್ಲೂಕಿಗೆ ಅಟ್ಟಿದರು. ಹಾಗಲವಾಡಿಯಲ್ಲಿ ಒಂದು ಜಗಲಿಯ ಮೇಲೆ ಟ್ಯಾಬು ಇಟ್ಟುಕೊಂಡು ಕೂತಿದ್ದೆ. ಒಬ್ಬ ಹೆಣ್ಣುಮಗಳು ಬಂದು, ‘ನಂದೂ ಒಂದ್ ಬರ್ಕಳಿ, ಅಡುಗೆ ಪುಸ್ತಕ ಇದ್ರೆ ನೋಡನ’ ಅಂದಳು. ಹೆಸರು ಹಾಕಿದೆ, ನಂಬರ್ ಕೇಳಿದೆ. ಅವಳು ಹೇಳಿದ ನಂಬರ್ ಗಂಡನದು. ಗಂಡ ಹೊಲದಲ್ಲಿದ್ದ. ಅವನ ಫೋನಿಗೆ ಓಟಿಪಿ ಹೋಯಿತು. ಇವಳು ಪಕ್ಕದವರ ಫೋನಿನಿಂದ ಮಾಡಿ, ‘ಈಗೊಂದ್ ನಂಬ್ರ ಬಂತಲ್ಲ, ಏನದು ಹೇಳು’ ಅಂದಳು. ಆ ಕಡೆಯಿಂದ, ‘ಹೇಳ್ಬಾರ್ದಂತೆ’ ಅಂದ.

‘ಯಾರಂದದ್ದು?’

‘ಇದ್ರಾಗೇ ಬರ್ದವ್ರೆ ಕಣಮ್ಮಿ, ಯಾರ್ಗೂ ಹೇಳ್ಬೇಡಿ ಅಂತ.’

‘ಯಾರ್ಗೂ ಅಂದ್ರೆ ಕಟ್ಕಂಡೋಳ್ಗೂನಾ?’

‘ಅದೇನೂ ಬರ್ದಿಲ್ಲ. ಬುಡು, ಸಾಯಂಕಾಲ ಬಂದು ಇಚಾರ ಮಾಡನ.’

ಅವನು ಸಾಯಂಕಾಲ ಬಂದು ವಿಚಾರ ಮಾಡುವ ಹೊತ್ತಿಗೆ ನಾನು ಗುಬ್ಬಿಗೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಾಲು ಚಾಚಿಕೊಂಡಿದ್ದೆ. ಆ ಹೆಂಗಸಿಗೆ ಅಡುಗೆ ಪುಸ್ತಕ ಸಿಗಲಿಲ್ಲ. ಎಷ್ಟೋ ಜನಕ್ಕೆ ನಗು ಬರುವ ಹಾಗೆ ಈ ಕಥೆ ಹೇಳಿದ್ದೇನೆ, ಆದರೆ ಅವಳ ಮುಖ ನೆನಪಾದಾಗ ನನಗೆ ನಗು ಬರುವುದಿಲ್ಲ.

ದಿನಾ ಫೋಟೋ ಕಳಿಸುವುದೂ ಒಂದು ಕೆಲಸ. ಓದುಗರು ಓದುತ್ತಿರುವ ಫೋಟೋ, ಜಾಗ ಮತ್ತು ಹೊತ್ತು ನಮೂದಾಗಿರಬೇಕು. ಪೇಪರ್ ಕೋಣೆಯ ಹಿರಿಯರು ಮೊದಮೊದಲು ಪಂಚೆ ಸರಿಮಾಡಿಕೊಂಡು, ತಲೆ ಬಾಚಿಕೊಂಡು ಕೂರುತ್ತಿದ್ದರು. ಈಗ ಅವರಿಗೂ ಬೇಸರ ಬಂದಿದೆ. ನಿದ್ದೆ ಮಾಡುತ್ತಿರುವವರನ್ನು ನಾನೇ ಎಬ್ಬಿಸಬೇಕು. ‘ಒಂದ್ನಿಮಿಷ ಓದಿ ಸಾರ್, ಆಮೇಲೆ ಮಲಗುವಿರಂತೆ’ ಎಂದು ಬೇಡಿಕೊಳ್ಳುವ ಸ್ಥಿತಿಗೆ ಬಂದಿದ್ದೇನೆ.

ಪಾರ್ವತಮ್ಮನವರ ವಿಷಯಕ್ಕೆ ಬರುತ್ತೇನೆ. ಅವರನ್ನು ನಾನು ಮೊದಲು ನೋಡಿದ್ದು ಕುಣಿಗಲ್ಲಿನಲ್ಲಿ. ಅದು ನನ್ನ ಮೊದಲ ನೌಕರಿ, ಎರಡು ಜಡೆ ಬಿಟ್ಟು ಒಂದು ಜಡೆಗೆ ಬಂದು ಇನ್ನೂ ಬಹಳ ದಿನವಾಗಿರಲಿಲ್ಲ. ಅವರು ಕೊತ್ತಗೆರೆಯ ಪ್ರೈಮರಿ ಸ್ಕೂಲಿನಲ್ಲಿ ಟೀಚರ್. ಶನಿವಾರ ಬೆಳಗಿನ ಸ್ಕೂಲು ಮುಗಿಸಿ, ಬಸ್ ಹತ್ತಿ ಕುಣಿಗಲ್ಲಿಗೆ ಬಂದು, ಮೂರು ಕಾದಂಬರಿ ತೆಗೆದುಕೊಂಡು ಹೋಗುವರು. ಮುಂದಿನ ಶನಿವಾರ ಮೂರನ್ನೂ ಓದಿ ತಂದಿಡುವರು. ಅವರು ಬಂದರೆ ನಾನು ಗೊತ್ತಿಲ್ಲದೆಯೇ ಎದ್ದು ನಿಲ್ಲುತ್ತಿದ್ದೆ. ‘ಕೂತ್ಕೋ’ ಅಂದ ಮೇಲೇ ಕೂರುತ್ತಿದ್ದುದು.

ಆ ಕಾಲದ ಹೆಂಗಸರಲ್ಲಿ ಒಂದು ಗುಟ್ಟಿನ ಪದ್ಧತಿ ಇತ್ತು. ಕಾದಂಬರಿ ಓದಿ ಮುಗಿಸಿದವರು ಅದರ ಒಂದು ನಿರ್ದಿಷ್ಟ ಪುಟದಲ್ಲಿ ತಮ್ಮ ಗುರುತು ಹಾಕಿ ಕೊಡುವುದು. ಒಬ್ಬರದು ಒಂದು ಸೊನ್ನೆ, ಒಬ್ಬರದು ಕುಂಕುಮದ ಚುಕ್ಕೆ, ಇನ್ನೊಬ್ಬರು ಪುಟದ ಸಂಖ್ಯೆಗೇ ಬಾಲ ಎಳೆಯುತ್ತಿದ್ದರು. ಮುಂದಿನ ಸಲ ಪುಸ್ತಕ ಆರಿಸುವಾಗ ಹೆಸರನ್ನೂ ನೋಡುವುದಿಲ್ಲ, ನೇರ ಆ ಪುಟ ತೆಗೆದು ತಮ್ಮ ಗುರುತು ಇದೆಯೇ ಎಂದು ನೋಡಿ, ಇದ್ದರೆ ಹಾಗೇ ಇಟ್ಟುಬಿಡುತ್ತಿದ್ದರು. ಹೆಸರುಗಳೆಲ್ಲ ಒಂದೇ ಥರ, ರಕ್ಷಾಪುಟದ ಮೇಲೆ ಕಣ್ಣೀರಿಡುವ ಹೆಣ್ಣೂ ಒಂದೇ ಥರ, ಪಾಪ ಅವರಾದರೂ ಏನು ಮಾಡಬೇಕು. ಪಾರ್ವತಮ್ಮ ಟೀಚರ್ ಗುರುತು ಇಪ್ಪತ್ತೊಂದನೇ ಪುಟದ ಕೆಳಗೆ ಕೆಂಪು ಇಂಕಿನಲ್ಲಿ ಒಂದು ರೈಟ್ ಮಾರ್ಕ್. ಪುಸ್ತಕ ಅಷ್ಟಕ್ಕಷ್ಟೇ ಆಗಿದ್ದರೆ ಅರ್ಧ ರೈಟು. ಕಾದಂಬರಿ ಬರೆದವರು ಅದನ್ನು ನೋಡಿದ್ದರೆ ಬೆಂಚಿನ ಮೇಲೆ ಹತ್ತಿ ನಿಲ್ಲುತ್ತಿದ್ದರೇನೋ.

ನಾನು ಹೊಸಬಳು, ನಿಯಮದ ಹುಚ್ಚು. ಒಂದು ಶನಿವಾರ ಧೈರ್ಯ ಮಾಡಿ, ‘ಟೀಚರ್, ಸರ್ಕಾರಿ ಪುಸ್ತಕದ ಮೇಲೆ ಬರೀಬಾರ್ದು’ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

‘ಓದಿದ್ದನ್ನೇ ಮತ್ತೆ ತಗೊಂಡ್ಹೋಗಿ, ಅದು ಬಸ್ಸಲ್ಲಿ ಗೊತ್ತಾದ್ರೆ? ವಾಪಸ್ ಬರಕ್ಕೆ ಇನ್ನೊಂದು ಶನಿವಾರ ಕಾಯ್ಬೇಕು ಕಣೇ. ಒಂದು ವಾರ ಏನ್ ಓದ್ಲಿ, ಹಾಜರಿ ಪುಸ್ತಕಾನಾ?’

ಮುಂದಿನ ವಾರದಿಂದ ನಾನೂ ಕಪಾಟು ಜೋಡಿಸುವಾಗ ಇಪ್ಪತ್ತೊಂದನೇ ಪುಟ ನೋಡಿ, ಅವರು ಓದಿರದ ಮೂರನ್ನು ಮೊದಲೇ ತೆಗೆದಿಡಲು ಶುರು ಮಾಡಿದೆ. ಪೂರ್ತಿ ರೈಟು ಬಿದ್ದ ಪುಸ್ತಕವನ್ನು ನಾನು ಮನೆಗೆ ಒಯ್ದು ಓದುತ್ತಿದ್ದೆ. ಓದುವ ರುಚಿ ಅಂತ ನನಗೇನಾದರೂ ಇದ್ದರೆ ಅದು ಆ ಕೆಂಪು ಇಂಕಿನಿಂದ ಬಂದದ್ದು.

ಆಮೇಲೆ ನನಗೆ ಗುಬ್ಬಿಗೆ ವರ್ಗವಾಯಿತು, ಅವರಿಗೆ ಇನ್ನೆಲ್ಲಿಗೋ. ಬಹಳ ವರ್ಷದ ನಂತರ, ಈಗ ಮೂರು ವರ್ಷದ ಹಿಂದೆ, ತುಮಕೂರಿನ ನಮ್ಮ ಶಾಖೆಯ ಬಾಗಿಲಲ್ಲಿ ಒಬ್ಬರು ಛತ್ರಿ ಮಡಿಸುತ್ತಾ ನಿಂತರು. ನಾನು ಎದ್ದು ನಿಂತೆ. ಕಾಲಿಗೆ ನನಗಿಂತ ಮೊದಲು ಗುರುತು ಸಿಕ್ಕಿತ್ತು. ‘ಕೂತ್ಕೋ ಗಿರಿಜಾ, ಮಂಡಿ ನೋವಾಗುತ್ತೆ’ ಅಂದರು. ನಿವೃತ್ತರಾಗಿ ಮಗ ಮಂಜುನಾಥನ ಮನೆಯಲ್ಲಿದ್ದಾರಂತೆ, ಇಲ್ಲೇ ಎರಡು ರಸ್ತೆ ಆಚೆ. ಮಗ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು, ಸೊಸೆಗೂ ಕೆಲಸ. ಇಬ್ಬರೂ ಹೊರಟ ಮೇಲೆ ಇವರು ಬೀಗ ಹಾಕಿ ಲೈಬ್ರರಿಗೆ ಬರುವುದು, ಮಧ್ಯಾಹ್ನ ಊಟದ ಹೊತ್ತಿಗೆ ಹೋಗುವುದು. ಕಿಟಕಿ ಪಕ್ಕದ ಕುರ್ಚಿ ಅವರದೇ ಆಯಿತು.

ಅಷ್ಟರಲ್ಲಿ ನಮ್ಮ ಹಳೆಯ ಕಾದಂಬರಿಗಳೆಲ್ಲ ಗೋಣಿಚೀಲ ಸೇರಿ ಗೋದಾಮಿಗೆ ಹೋಗಿದ್ದವು. ಕಂಪ್ಯೂಟರ್ ಮೇಜಿಗೆ ಜಾಗ ಬೇಕಿತ್ತು, ಹೇಗಿದ್ದರೂ ಅವೆಲ್ಲ ಆ್ಯಪಿನಲ್ಲಿವೆಯಲ್ಲ ಅಂದರು. ಚೀಲದ ಬಾಯಿ ಹೊಲಿದವಳು ನಾನೇ. ಟೀಚರ್ ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಟ್ಯಾಬಿನಲ್ಲಿ ಅಕ್ಷರ ದೊಡ್ಡದು ಮಾಡುವುದನ್ನು ತೋರಿಸಿಕೊಟ್ಟೆ. ಎರಡು ಬೆರಳು ಹಿಗ್ಗಿಸಿ, ಅಕ್ಷರ ಗೋಲಿಯಷ್ಟು ದಪ್ಪಗಾದದ್ದನ್ನು ನೋಡಿ, ‘ಅಯ್ಯೋ, ಇದು ಮೊದ್ಲೇ ಬಂದಿದ್ರೆ ನಮ್ಮ ಹಿಂದಿನ ಬೆಂಚಿನ ಮಕ್ಕಳೆಲ್ಲ ಪಾಸಾಗ್ತಿದ್ರಲ್ಲೇ’ ಎಂದು ಚಪ್ಪಾಳೆ ತಟ್ಟಿದರು. ಕಣ್ಣಿನ ಪೊರೆ ತೆಗೆಸಿದ ಮೇಲೂ ಅವರಿಗೆ ಸಣ್ಣಕ್ಷರ ಓದಲಾಗುತ್ತಿರಲಿಲ್ಲ. ಆ ಟ್ಯಾಬಿಲ್ಲದಿದ್ದರೆ ಅವರು ಓದನ್ನೇ ಬಿಡಬೇಕಿತ್ತು. ಅದನ್ನು ನಾನು ಒಪ್ಪಿಕೊಳ್ಳಲೇಬೇಕು, ಆ ಯಂತ್ರವನ್ನು ಎಷ್ಟೇ ಬೈದುಕೊಂಡರೂ.

ಮೊದಲ ಎರಡು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ದಿನ ಅವರು ಓದುತ್ತಿದ್ದವರು ತಲೆ ಎತ್ತಿ, ‘ಬಹಳ ಚೆನ್ನಾಗಿದೆ ಗಿರಿಜಾ ಇದು, ಹೊಸದಾ?’ ಅಂದರು. ಆ ಕಾದಂಬರಿಯನ್ನು ಅವರು ಹಿಂದಿನ ತಿಂಗಳಷ್ಟೇ ಓದಿ ಮುಗಿಸಿ, ಅದರ ಕೊನೆ ಸರಿಯಿಲ್ಲವೆಂದು ನನ್ನೊಂದಿಗೆ ಅರ್ಧ ಗಂಟೆ ಜಗಳವಾಡಿದ್ದರು. ಮರೆವು ಯಾರಿಗಿಲ್ಲ, ನಾನು ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುವವಳು. ಇನ್ನೊಂದು ದಿನ ಮನೆಗೆಂದು ಹೊರಟವರು ತಿರುವಿನಲ್ಲಿ ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಿದ್ದರು. ನಮ್ಮ ಗೇಟಿನ ಪಕ್ಕ ಹೂವು ಮಾರುವ ಸಾಕಮ್ಮ ಕೈಹಿಡಿದು ಮನೆ ಮುಟ್ಟಿಸಿ ಬಂದಳು.

ಮುಂದಿನ ವಾರವೇ ಅದು ಅವರಿಗೂ ಗೊತ್ತಾಯಿತು. ಟ್ಯಾಬಿನಲ್ಲಿ ಬೆರಳು ಎಲ್ಲೋ ತಾಗಿ, ‘ನನ್ನ ಓದು’ ಎಂಬ ಪಟ್ಟಿ ತೆರೆದುಕೊಂಡಿತು. ಯಾವ ಪುಸ್ತಕವನ್ನು ಯಾವ ದಿನ ಓದಿದ್ದೀರಿ ಎಂದು ಅದು ಸಾಲಾಗಿ ತೋರಿಸುತ್ತದೆ. ನಾನು ನೋಡುವಷ್ಟರಲ್ಲಿ ಟೀಚರ್ ನೋಟ್‌ಬುಕ್ ತಿದ್ದುವ ಹಾಗೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಎಣಿಸುತ್ತಿದ್ದರು.

‘ಇದೇನೇ ಗಿರಿಜಾ, ಒಂದೇ ಪುಸ್ತಕ ಐದು ಸಲ ಇದೆ? ಇಂಪೊಸಿಷನ್ ಕೊಟ್ಟಂಗೆ?’

‘ಅದು ಕಂಪ್ಯೂಟರ್ ತಪ್ಪು ಟೀಚರ್. ನೆಟ್ ಹೋಗಿ ಬಂದಾಗೆಲ್ಲ ಹಂಗೇ ತೋರ್ಸುತ್ತೆ.’

ಹೋಂವರ್ಕ್ ಪುಸ್ತಕ ಮನೆಯಲ್ಲಿ ಬಿಟ್ಟು ಬಂದೆ ಎಂದ ಮಗುವನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು. ಆಮೇಲೆ ಟ್ಯಾಬನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು, ದನಿ ತಗ್ಗಿಸಿ ಹೇಳಿದರು: ‘ಮಂಜುಗೆ ಹೇಳ್ಬೇಡ ಕಣೇ. ಮೊದ್ಲೇ ಒಬ್ಳೇ ಓಡಾಡ್ಬೇಡ ಅಂತಿದಾನೆ. ಗೊತ್ತಾದ್ರೆ ಮನೇಲಿ ಕೂರಿಸ್ಬಿಡ್ತಾನೆ. ಟೀವಿ ಮುಂದೆ ಕೂತು ನಾನೇನ್ ಮಾಡ್ಲಿ?’

ಅವರು ಯಾರನ್ನೂ ಏನನ್ನೂ ಬೇಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹೇಳಲ್ಲ ಅಂದೆ. ಮಾರನೇ ದಿನದಿಂದ ಅವರು ಟ್ಯಾಬು ತೆಗೆದುಕೊಂಡ ಕೂಡಲೇ ಮೊದಲು ಆ ಪಟ್ಟಿಯನ್ನು ತೆಗೆದು ನೋಡತೊಡಗಿದರು. ಒಂದು ಪುಟ ಓದುವುದು, ಪಟ್ಟಿ ನೋಡುವುದು. ಮತ್ತೆ ಒಂದು ಪುಟ, ಮತ್ತೆ ಪಟ್ಟಿ. ಮುಖದಲ್ಲಿದ್ದ ಓದಿನ ಸುಖವೆಲ್ಲ ಹೋಯಿತು. ತಾವೇ ಹಾಕಿದ ಒಂದು ಕೆಂಪು ರೈಟು ನೆನಪಿಗೆ ಸಾಕಾಗಿದ್ದವರಿಗೆ, ಇದು ದಿನಾಂಕ ಸಮೇತ ಲೆಕ್ಕ ಒಪ್ಪಿಸುತ್ತಿತ್ತು. ಆ ಪಟ್ಟಿಯನ್ನು ಅಳಿಸಲು ನಾನು ಗೊತ್ತಿದ್ದ ಗುಂಡಿಗಳನ್ನೆಲ್ಲ ಒತ್ತಿದೆ. ಅದು ಅಳಿಸುವುದಿಲ್ಲ. ಅಳಿಸಲು ಬರುವ ಹಾಗೆ ಅದನ್ನು ಮಾಡಿಯೇ ಇಲ್ಲ.

ಆದರೆ ಹೊಸ ಸದಸ್ಯರ ಓದಿನ ಪಟ್ಟಿ ಖಾಲಿ ಇರುತ್ತದಲ್ಲ! ಈ ಯೋಚನೆ ಹೊಳೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನಮ್ಮ ಮನೆಯವರ ಫೋನ್ ನಂಬರ್ ಕೊಟ್ಟು ಟೀಚರ್ ಹೆಸರಿನಲ್ಲಿ ಹೊಸ ಸದಸ್ಯತ್ವ ಮಾಡಿದೆ. ಈ ಹೆಸರಿನವರು ಈಗಾಗಲೇ ಇದ್ದಾರೆ ಎಂದು ಅದು ತಕರಾರು ತೆಗೆಯಿತು. ಮುಂದೆ ‘ಎರಡು’ ಎಂದು ಸೇರಿಸಿದೆ, ತೆಪ್ಪಗಾಯಿತು. ಟೀಚರ್ ಪಟ್ಟಿ ತೆರೆದು ನೋಡಿದರು. ಒಂದೂ ಸಾಲಿಲ್ಲ. ‘ರಿಪೇರಿ ಆಯ್ತಾ?’ ಅಂದರು. ‘ಆಯ್ತು ಟೀಚರ್’ ಅಂದೆ. ಅವತ್ತು ಅವರು ಊಟದ ಹೊತ್ತು ಮೀರಿದರೂ ಏಳದೆ ಓದಿದರು.

ಆ ಪಟ್ಟಿಯಲ್ಲೂ ಒಂದೇ ಹೆಸರು ಮತ್ತೆ ಮತ್ತೆ ಬರತೊಡಗಿದಾಗ ಸಾಕಮ್ಮನ ಫೋನಿನಿಂದ ಮೂರನೇ ಪಾರ್ವತಮ್ಮ ಹುಟ್ಟಿದರು. ಆಮೇಲೆ ನನ್ನ ಫೋನಿನಲ್ಲಿ ನಾಲ್ಕನೆಯವರು. ಇತ್ತ ಮನೆಯಲ್ಲಿ ನಮ್ಮವರಿಗೆ ವಾರಕ್ಕೆರಡು ಸಂದೇಶ. ‘ಲೇ, ಯಾರೇ ಈ ಪಾರ್ವತಮ್ಮ? ನನ್ನನ್ನ ಪ್ರಿಯ ಪಾರ್ವತಮ್ಮ ಅಂತಾರೆ, ಜನ್ಮದಲ್ಲಿ ನೀನೊಂದ್ಸಲ ಪ್ರಿಯ ಅಂದಿಲ್ಲ’ ಎಂದು ಅವರು ಗೊಣಗುವುದು. ಸಾಕಮ್ಮನಂತೂ ಸಂದೇಶ ಬಂದಾಗೆಲ್ಲ ಮೊಳ ಹಾಕುವುದನ್ನು ಬಿಟ್ಟು ಒಳಗೆ ಓಡಿ ಬಂದು, ‘ಅಕ್ಕ, ಟೀಚರ್ರಿಗೆ ಕಾಗ್ದ ಬಂದೈತೆ’ ಎಂದು ಫೋನು ಹಿಡಿಯುವಳು. ತಿಂಗಳ ಸಭೆಯಲ್ಲಿ ನಮ್ಮ ಶಾಖೆಯಲ್ಲಿ ಮಹಿಳಾ ಸದಸ್ಯರು ಹೆಚ್ಚಿದ್ದಾರೆಂದು ಹೊಗಳಿ ನನಗೆ ಚಪ್ಪಾಳೆ ಹೊಡೆಸಿದರು. ಇಷ್ಟು ವರ್ಷದ ಸರ್ವೀಸಿನಲ್ಲಿ ನನಗೆ ಬಿದ್ದ ಒಂದೇ ಚಪ್ಪಾಳೆ ಅದು.

ಹೀಗೇ ನಡೆಯುತ್ತಿತ್ತೇನೋ. ಒಂದು ಶನಿವಾರ ಮಧ್ಯಾಹ್ನ, ಟೀಚರ್ ಮನೆಗೆ ಹೋದ ಮೇಲೆ, ಮಂಜುನಾಥ ಬಂದ. ಕೈಯಲ್ಲಿ ಸ್ಕೂಲಿನ ಚೀಲ ಹಾಗೇ ಇತ್ತು, ಗುಬ್ಬಿಯಿಂದ ನೇರ ಇಲ್ಲಿಗೇ ಬಂದಿದ್ದ. ಕೂರಿ ಅಂದರೂ ಕೂರಲಿಲ್ಲ.

‘ಮೇಡಂ, ಒಂದ್ ವಿಷ್ಯ ಕೇಳ್ಬೇಕಿತ್ತು. ಅಮ್ಮ ಇಲ್ಲಿ ಹೆಂಗಿರ್ತಾರೆ? ಮರೆಯೋದು ಗಿರೆಯೋದು ಏನಾದ್ರೂ ಮಾಡ್ತಾರಾ? ಓದಿದ್ದನ್ನೇ ಓದೋದು, ಆ ಥರ?’

ಟ್ಯಾಬು ತೆಗೆದು ನಾಲ್ಕನೇ ಪಾರ್ವತಮ್ಮನ ಪಟ್ಟಿ ತೋರಿಸಿದೆ, ಹೆಸರಿನ ಪಕ್ಕದ ನಾಲ್ಕರ ಮೇಲೆ ಹೆಬ್ಬೆರಳು ಇಟ್ಟುಕೊಂಡೇ. ಆರು ಪುಸ್ತಕ, ಆರೂ ಬೇರೆ ಬೇರೆ, ಒಂದೊಂದೂ ಒಂದೇ ಸಲ. ಅವನು ಮೇಲಿಂದ ಕೆಳಗೆ ನೋಡಿದ. ಕೆಳಗಿಂದ ಮೇಲೆ ನೋಡಿದ. ‘ಚೆನ್ನಾಗೇ ಓದ್ತಿದಾರಲ್ಲ. ನಾನೇ ಸುಮ್ನೆ ಹೆದರ್ಕೊಂಡಿದ್ದೆ’ ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದ.

ಅವತ್ತು ನನಗೆ ಅನ್ನ ಸೇರಲಿಲ್ಲ. ಟೀಚರ್ ಕೇಳಿದ್ದು ಮಾತು ಮುಚ್ಚಿಡು ಎಂದು, ಮುಚ್ಚಿಟ್ಟಿದ್ದೆ, ಅದು ಸರಿ. ಆದರೆ ಈ ಹುಡುಗನಿಗೆ ಕಣ್ಣೆದುರಿಗೆ ಸುಳ್ಳು ಸಾಕ್ಷಿ ತೋರಿಸಿ ಕಳಿಸಿದ್ದೆನಲ್ಲ. ನಾಳೆ ಅವರು ರಸ್ತೆ ದಾಟುವಾಗ ನಿಂತುಬಿಟ್ಟರೆ? ಡಾಕ್ಟರಿಗೆ ತೋರಿಸಬೇಕಾದ ಹೊತ್ತನ್ನು ನನ್ನ ಜಾಣತನ ತಿಂದುಹಾಕಿದರೆ? ನಾನು ಅವರನ್ನು ಕಾಪಾಡುತ್ತಿದ್ದೆನೋ, ಅಥವಾ ಕುಣಿಗಲ್ಲಿನ ಆ ಟೀಚರ್ ಹಾಗೇ ಇರಲಿ ಎನ್ನುವ ನನ್ನ ಆಸೆಯನ್ನು ಕಾಪಾಡಿಕೊಳ್ಳುತ್ತಿದ್ದೆನೋ, ನನಗೇ ಗೊತ್ತಾಗಲಿಲ್ಲ. ಸಾಕಾಗಿಹೋಗಿತ್ತು, ಅಷ್ಟು ಮಾತ್ರ ಗೊತ್ತಿತ್ತು.

ಮಾರನೇ ದಿನ ಭಾನುವಾರ. ನಮ್ಮಲ್ಲಿ ಭಾನುವಾರವೂ ಲೈಬ್ರರಿ ತೆಗೆಯುತ್ತೇವೆ. ಟೀಚರ್ ಬಂದು ಕಿಟಕಿ ಪಕ್ಕ ಕೂತರು. ನಾನು ಹೊರಗೆ ಹೊಂಗೆ ಮರದ ಕೆಳಗೆ ನಿಂತು ಮಂಜುನಾಥನಿಗೆ ಫೋನ್ ಮಾಡಿದೆ. ಇದ್ದದ್ದೆಲ್ಲ ಹೇಳಿದೆ. ಐದು ಸಲ ಬಂದ ಪುಸ್ತಕ, ತಿರುವಿನಲ್ಲಿ ದಾರಿ ತಪ್ಪಿದ್ದು, ನಾಲ್ಕು ಜನ ಪಾರ್ವತಮ್ಮಂದಿರು, ಹೆಬ್ಬೆರಳಿನ ಕೆಳಗೆ ಮುಚ್ಚಿಟ್ಟದ್ದು, ಎಲ್ಲವನ್ನೂ. ತಪ್ಪಾಯಿತು ಅಂದೆ. ಬೈಯಲಿ ಎಂದು ಕಾದೆ.

‘ಗೊತ್ತು ಮೇಡಂ’ ಅಂದ. ‘ಮನೇಲೂ ಹಂಗೇ. ಹಾಲು ಕಾಯಿಸಿ ಮತ್ತೆ ಕಾಯಿಸ್ತಾರೆ. ಅಪ್ಪ ಹೋಗಿ ಎಷ್ಟೋ ವರ್ಷ ಆಯ್ತು, ಊಟಕ್ಕೆ ಬಂದಿಲ್ವಲ್ಲ ಅಂತಾರೆ. ನೀವಾದ್ರೂ ಇಲ್ಲ ಅಂತೀರೇನೋ ಅಂತ ಬಂದಿದ್ದೆ. ಪಟ್ಟಿ ತೋರ್ಸಿದ್ರಿ. ನಿನ್ನೆ ಒಂದಿನ ನೆಮ್ಮದಿಯಾಗಿದ್ದೆ.’

ಕಿಟಕಿಯೊಳಗೆ ಟೀಚರ್ ಯಾವುದೋ ಪುಟ ಓದಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅದು ಯಾವ ಪುಟ ಅಂತ ನನಗೆ ಗೊತ್ತಿತ್ತು. ಹೋದ ಗುರುವಾರವೂ ಅಲ್ಲೇ ನಕ್ಕಿದ್ದರು.

‘ಹಂಗಾದ್ರೆ ಇನ್ಮೇಲೆ ಕಳ್ಸಲ್ವಾ ಅವ್ರನ್ನ?’ ಅಂದೆ.

‘ಕಳ್ಸದೆ? ಬೆಳಿಗ್ಗೆ ನಾನೇ ಬಿಟ್ಟು ಹೋಗ್ತೀನಿ, ಮಧ್ಯಾಹ್ನ ಯಾರಾದ್ರೂ ಬಂದು ಕರ್ಕೊಂಡ್ ಹೋಗೋ ಹಂಗೆ ಮಾಡ್ತೀನಿ. ಡಾಕ್ಟ್ರಿಗೂ ತೋರಿಸ್ತೀನಿ.’ ಆಮೇಲೆ ಅವನು ಹೇಳಿದ: ‘ಅಮ್ಮ ಒಂದೇ ಮಾತು ಮೂರನೇ ಸಲ ಕೇಳಿದ್ರೆ ನಾನು ರೇಗ್ಬಿಡ್ತೀನಿ ಮೇಡಂ. ಪುಸ್ತಕ ರೇಗಲ್ವಲ್ಲ.’